ಬಾರುಕೋಲಿನ ಸರದಾರನ ನೆಗೆತ

ಚಿತ್ರದ ಕೆಳಗೆ ಬರೆದಿದ್ದ ಒಂದು ಸಾಲನ್ನು ನಾನು ಓದಲಿಲ್ಲ. ಓದುವ ಬದಲು ಬಾಯಿಗೆ ಬಂದದ್ದನ್ನು ಹೇಳಿದೆ. ನಾನು ಹೇಳಿದ್ದನ್ನು ನಂಬಿ ನನ್ನ ತಮ್ಮ ಕೊಟ್ಟಿಗೆಯ ಮೇಲಿಂದ ನೆಗೆದು ಕೈ ಮುರಿದುಕೊಂಡ. ಆಮೇಲಾದರೂ ನಿಜ ಹೇಳಬೇಕಿತ್ತು, ಹೇಳಲಿಲ್ಲ. ಮನೆಯವರೆಲ್ಲ ಅವನನ್ನು ಪೆದ್ದನೆಂದು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರೆ ನಾನು ಸೊಪ್ಪು ಹೆಚ್ಚುತ್ತಾ ಸುಮ್ಮನೆ ಕೂತಿದ್ದೆ.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ತಮ್ಮ ಹುಟ್ಟಿದ ವರ್ಷ ಅವ್ವನಿಗೆ ಮನೆ, ಮಗು, ರೇಷ್ಮೆ ಹುಳು ಮೂರನ್ನೂ ಒಬ್ಬಳೇ ನೋಡಿಕೊಳ್ಳಲು ಆಗುವುದಿಲ್ಲವೆಂದು ನನ್ನನ್ನು ಸ್ಕೂಲು ಬಿಡಿಸಿದರು. ಅದಕ್ಕಾಗಿ ಯಾರ ಮೇಲೂ ನನಗೆ ಸಿಟ್ಟಿಲ್ಲ. ನಮ್ಮ ಬೀದಿಯ ಹೆಣ್ಣುಮಕ್ಕಳಲ್ಲಿ ಮೂರನೇ ಕ್ಲಾಸೆಂದರೆ ಹೆಚ್ಚೇ ಆಗಿತ್ತು. ಆದರೆ ಬಿಟ್ಟ ಮೇಲೆ ಅಕ್ಷರ ಕೈಗೂ ಕಣ್ಣಿಗೂ ದೂರವಾಗುತ್ತಾ ಹೋಯಿತು. ಬಸ್ಸಿನ ಬೋರ್ಡು ಓದುತ್ತಿದ್ದೆ, ಅಂಗಡಿಯ ಹೆಸರು ಓದುತ್ತಿದ್ದೆ. ಒತ್ತಕ್ಷರ ಬಂದರೆ ಅಲ್ಲೇ ನಿಂತುಬಿಡುತ್ತಿದ್ದೆ.

ನಮ್ಮೂರು ಆತಗೂರಿನ ಕಡೆ. ನಾಲೆಯ ಕೆಳಗೆ ಗದ್ದೆ, ಮೇಲೆ ಒಂದಿಷ್ಟು ರೇಷ್ಮೆ ಸೊಪ್ಪಿನ ತೋಟ. ಹುಳು ಸಾಕುವ ಬಿದಿರಿನ ತಟ್ಟೆಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಹಳೇ ಪೇಪರು ಹಾಸಬೇಕು. ಎಳೆಯ ಹುಳು ಇರುವಾಗಲಂತೂ ಪೇಪರಿಲ್ಲದೆ ಆಗದು. ಅದಕ್ಕಾಗಿ ಅಪ್ಪ ಮದ್ದೂರಿಗೆ ಹೋದಾಗಲೆಲ್ಲ ರದ್ದಿ ಪೇಪರಿನ ಕಟ್ಟು ತರುತ್ತಿದ್ದ. ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇದ್ದ ಕಾಲ ಅದು. ಒಂದು ಸಲ ತಂದ ಕಟ್ಟಿನಲ್ಲಿ ಬರೀ ವಾರಪತ್ರಿಕೆಗಳಿದ್ದವು. ಒಂದೊಂದರಲ್ಲೂ ಒಂದು ಪುಟದ ತುಂಬ ಚೌಕ ಚೌಕವಾಗಿ ಚಿತ್ರ, ಚಿತ್ರದಲ್ಲಿ ಒಬ್ಬ ಗಂಡಸು. ಕಣ್ಣಿಗೆ ಕಪ್ಪು ಪಟ್ಟಿ, ತಲೆಗೆ ಚರ್ಮದ ಟೋಪಿ, ಮೊಣಕಾಲಿನವರೆಗೆ ಬೂಟು, ಬೆನ್ನಿಗೆ ಉದ್ದನೆಯ ಬಟ್ಟೆ, ಕೈಯಲ್ಲಿ ಚಾಟಿ. ಒಂದು ವಾರ ಬಿಳೀ ಕುದುರೆಯ ಮೇಲೆ, ಇನ್ನೊಂದು ವಾರ ಒಂದರ ಮೇಲೊಂದು ರೆಕ್ಕೆಯಿರುವ ಹಳೇ ಕಾಲದ ವಿಮಾನದ ಮೇಲೆ.

ಅವನ ಹೆಸರನ್ನು ಬಳ್ಳಿ ಸುತ್ತಿಕೊಂಡ ಹಾಗೆ ಬರೆದಿದ್ದರು. ನನಗೆ ಬಿಡಿಸಲು ಆಗಲಿಲ್ಲ. ನಾನೇ ಒಂದು ಹೆಸರಿಟ್ಟೆ, ಬಾರುಕೋಲಿನ ಸರದಾರ. ಗಾಡಿ ಹೊಡೆಯುವವರ ಕೈಯಲ್ಲಿ ನೋಡಿದ್ದ ಚಾಟಿ ನನಗೆ ಬಾರುಕೋಲೇ.

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ನಮಗೆ ಬಿಡುವು. ಅಂಥ ಒಂದು ಮಧ್ಯಾಹ್ನ ತಮ್ಮ ಆ ಪತ್ರಿಕೆ ತಂದು ನನ್ನ ತೊಡೆಯ ಮೇಲಿಟ್ಟ. ಅವನು ಆಗಷ್ಟೇ ಸ್ಕೂಲಿಗೆ ಸೇರಿದ್ದ, ಅ ಆ ಇ ಈ ಮುಗಿದಿರಲಿಲ್ಲ.

"ಓದಕ್ಕ," ಎಂದ.

ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದೆ. ಎರಡು ಪದ ಆಗುವುದರೊಳಗೆ ಅವನು ಆಕಳಿಸಿದ.

"ನೀನ್ ಓದಿ ಮುಗ್ಸೋದ್ರೊಳ್ಗೆ ಉಳ ಗೂಡ್ ಕಟ್ಬುಡ್ತವೆ ಕಣಕ್ಕ."

ನನಗೆ ನಾಚಿಕೆಯಾಯಿತು. ಅಕ್ಷರ ಬಿಟ್ಟು ಚಿತ್ರ ನೋಡಿಕೊಂಡು ಕತೆ ಹೇಳಲು ಶುರು ಮಾಡಿದೆ, ಬೆರಳು ಮಾತ್ರ ಸಾಲಿನ ಮೇಲೆ ಓಡಿಸುತ್ತಾ. ಅವನು ಬಾಯಿ ತೆರೆದುಕೊಂಡು ಕೇಳಿದ. ಅವತ್ತಿನಿಂದ ಅದೇ ರೂಢಿಯಾಯಿತು. ಸರದಾರನಿಗೆ ಒಬ್ಬ ತಾಯಿಯನ್ನು ಕೊಟ್ಟೆ, ಕುದುರೆಗೆ ಹುರುಳಿ ಕದಿಯುವ ಚಟ ಹಚ್ಚಿದೆ, ಬೋಳುತಲೆಯ ಖಳನನ್ನು ನಮ್ಮೂರಿನ ಗದ್ದೆಗಳಿಗೆ ನಾಲೆಯ ನೀರು ಬಿಡುವ ನೀರುಗಂಟಿಯ ಹಾಗೆ ಗೊಣಗಿಸಿದೆ. ಅಕ್ಕನಿಗೆ ಎಷ್ಟು ಬೇಗ ಓದಲು ಬರುತ್ತದೆಂದು ತಮ್ಮ ಸ್ಕೂಲಿನಲ್ಲೆಲ್ಲ ಹೇಳಿಕೊಂಡು ಬಂದ. ನಾನು ಬೇಡ ಅನ್ನಲಿಲ್ಲ. ಹಾಗೆ ಅನ್ನಿಸಿಕೊಳ್ಳುವುದು ನನಗೆ ಬಹಳ ಇಷ್ಟವಾಗಿತ್ತು.

ಒಮ್ಮೆ ಅಪ್ಪ ತಟ್ಟೆಗೆ ಪೇಪರು ಹಾಸುವಾಗ ಆ ಚಿತ್ರ ನೋಡಿದ.

"ಇವ್ನಾ? ನಾವು ಐಕ್ಳಾಗಿದ್ದಾಗ ಟೆಂಟ್ ಸಿನಿಮಾದಲ್ಲಿ ಇಂಥೋನೇ ಒಬ್ಬ ಬತ್ತಿದ್ದ ಕಣ್ಲಾ. ಕಣ್ಣಿಗ್ ಬಟ್ಟೆ ಕಟ್ಕಂಡು ಕುದ್ರೆ ಮ್ಯಾಲೆ. ಈ ವಾರ ಕಮರಿಗ್ ಬಿದ್ದೋಗೋನು. ಸತ್ತ ಅನ್ಕಂಡು ನಾವು ಮನೆಗ್ ಬರೋವು. ಮುಂದಿನ್ ವಾರ ನೋಡುದ್ರೆ ಮೀಸೆ ತೀಡ್ಕಂಡು ನಿಂತಿರೋನು."

"ಎಂಗ್ ಬದುಕ್ದ ಅಪ್ಪ?" ತಮ್ಮ ಕೇಳಿದ.

"ಅದ್ನ ನೋಡಕ್ಕೇ ಅಲ್ವೇನ್ಲಾ ಇನ್ನೊಂದ್ ದಪ ಕಾಸ್ ಕೊಟ್ಟು ಓಯ್ತಿದ್ದುದ್ದು."

ನಮ್ಮ ಸರದಾರನೂ ಹಾಗೆಯೇ. ಪ್ರತಿ ಪುಟದ ಕೊನೆಯಲ್ಲಿ ಬಾವಿಯಲ್ಲೋ ಬೆಂಕಿಯಲ್ಲೋ ಸಿಕ್ಕಿಕೊಂಡಿರುತ್ತಿದ್ದ. ಆದರೆ ರದ್ದಿ ಕಟ್ಟಿನಲ್ಲಿ ವಾರಗಳು ಸಾಲಾಗಿ ಇರಲಿಲ್ಲ. ಕೆಲವು ಹಾಳೆ ಆಗಲೇ ಹುಳುವಿನ ಕೆಳಗೆ ಹೋಗಿದ್ದವು. ಹಾಗಾಗಿ ಅವನನ್ನು ಬದುಕಿಸುವ ಕೆಲಸ ನನ್ನದೇ ಆಯಿತು.

ಆ ಪುಟ ಕೈಗೆ ಬಂದದ್ದು ಹುಳು ಎರಡನೇ ಜ್ವರಕ್ಕೆ ಕೂತಿದ್ದಾಗ. ಎತ್ತರದ ಕೋಟೆ ಗೋಡೆ, ಗೋಡೆಯ ಮೇಲೆ ಬಂದೂಕು ಹಿಡಿದ ಶತ್ರುಗಳು, ಗಾಳಿಯಲ್ಲಿ ಸರದಾರ. ಎರಡು ಕೈಯನ್ನೂ ಚಾಚಿದ್ದಾನೆ, ಬೆನ್ನಿನ ಬಟ್ಟೆ ಉಬ್ಬಿಕೊಂಡಿದೆ. ಚಿತ್ರದ ಕೆಳಗೆ ಇರುವೆ ಸಾಲಿನಂತೆ ಸಣ್ಣ ಅಕ್ಷರದಲ್ಲಿ ಒಂದು ಸಾಲು.

"ಬಿದ್ರೆ ಸಾಯಲ್ವಾ ಅಕ್ಕ?"

ಅವ್ವನ ತವರು ಕೊಕ್ಕರೆ ಬೆಳ್ಳೂರು. ಅಲ್ಲಿ ಹುಣಸೆ ಮರಕ್ಕೆ ಕೊಕ್ಕರೆ ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ರೆಕ್ಕೆ ಅಲ್ಲಾಡಿಸದೆ, ಕಾಲು ಮುಂದಕ್ಕೆ ಚಾಚಿ, ಅವಸರವಿಲ್ಲದೆ ಬಂದು ಕೂರುತ್ತವೆ. ಅದು ನೆನಪಾಯಿತು.

"ಇಲ್ಲ ಕಣ್ಲಾ. ಬಟ್ಟೆ ಎಲ್ಡ್ ತುದೀನೂ ಗಟ್ಯಾಗ್ ಇಡ್ಕಂಡು, ಉಸ್ರು ಕಟ್ಕಂಡು ನೆಗುದ್ರೆ, ಗಾಳಿ ತುಂಬ್ಕಂಡು ಕೊಕ್ರೆ ಇಳ್ದಂಗೆ ಮೆಲ್ಲುಗ್ ಇಳೀತಾನೆ."

"ಅಂಗಂತ ಬರ್ದದಾ?"

"ಬರ್ದದೆ," ಎಂದು ಆ ಸಾಲಿನ ಮೇಲೆ ಬೆರಳಿಟ್ಟೆ.

ಮಾರನೆಯ ದಿನ ನಾನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಅವ್ವನ ಕೂಗು ಕೇಳಿ ಓಡಿ ಬಂದಾಗ ತಮ್ಮ ಕೊಟ್ಟಿಗೆಯ ಮುಂದೆ ಬಿದ್ದಿದ್ದ. ಅಪ್ಪನ ಪಂಚೆಯನ್ನು ಕುತ್ತಿಗೆಗೆ ಕಟ್ಟಿಕೊಂಡಿದ್ದ. ಎಡಗೈ ಮೊಣಕೈ ಹತ್ತಿರ ಮಡಚಬಾರದ ಕಡೆಗೆ ಮಡಚಿಕೊಂಡಿತ್ತು. ಅಳುತ್ತಿರಲಿಲ್ಲ. ನನ್ನ ಮುಖ ನೋಡಿ ತಪ್ಪು ಮಾಡಿದವನ ಹಾಗೆ ಹೇಳಿದ:

"ಮಧ್ಯದಲ್ಲಿ ಉಸ್ರು ಬುಟ್ಬುಟ್ಟೆ ಕಣಕ್ಕ. ಅದ್ಕೇ."

ಆಗಲೇ ಹೇಳಬೇಕಿತ್ತು. ಅಪ್ಪ ಅವನನ್ನು ಎತ್ತಿಕೊಂಡು ಮೂಳೆ ಕಟ್ಟುವವರ ಮನೆಗೆ ಗಾಡಿ ಹೂಡಿದ. ಅವ್ವ ಯಾಕೆ ಹತ್ತಿದೆಯೋ ಎಂದು ಕೇಳುತ್ತಲೇ ಇದ್ದಳು. ಬುಕ್ಕಿನಲ್ಲಿ ಹಾಗಿತ್ತು ಎಂದು ಅವನು ಹೇಳುತ್ತಲೇ ಇದ್ದ. ನಾನು ಗಾಡಿಯ ಹಿಂದೆ ಸ್ವಲ್ಪ ದೂರ ನಡೆದು ನಿಂತುಬಿಟ್ಟೆ.

ಮನೆಯಲ್ಲಿ ಯಾರೂ ಇಲ್ಲದಾಗ ಆ ಪುಟ ತೆಗೆದು ಸಾಲನ್ನು ಬಿಡಿಸಿದೆ. ಒತ್ತಕ್ಷರಕ್ಕೆ ಬಂದಾಗಲೆಲ್ಲ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಬಂದು ಕೊನೆಗೂ ಓದಿದೆ. ಕೆಳಗೆ ಹುಲ್ಲಿನ ಗಾಡಿ ನಿಂತಿರುವುದನ್ನು ಅವನು ಮೊದಲೇ ನೋಡಿಕೊಂಡಿದ್ದ, ಎಂದಿತ್ತು. ಅಷ್ಟೇ. ಗಾಳಿಯೂ ಇಲ್ಲ, ಉಸಿರೂ ಇಲ್ಲ, ಕೊಕ್ಕರೆಯೂ ಇಲ್ಲ. ಮೊದಲೇ ಇಷ್ಟು ಕಷ್ಟಪಟ್ಟಿದ್ದರೆ ತಮ್ಮ ಹುಲ್ಲಿನ ಮೆದೆಯ ಮೇಲೆ ನೆಗೆದು ನಗುತ್ತಾ ಎದ್ದು ಬರುತ್ತಿದ್ದ. ಆ ಹಾಳೆಯನ್ನು ತಟ್ಟೆಯಲ್ಲಿ ಬೋರಲು ಹಾಸಿ ಮೇಲೆ ಸೊಪ್ಪು ಉದುರಿಸಿದೆ. ಕಸ ತೆಗೆಯುವ ದಿನ ಹುಳುವಿನ ಹಿಕ್ಕೆಯ ಜೊತೆ ಅದೂ ತಿಪ್ಪೆಗೆ ಹೋಯಿತು.

ಮೂಳೆ ಕೂಡಿಕೊಂಡಿತು, ಆದರೆ ಕೈ ಪೂರ್ತಿ ನೆಟ್ಟಗಾಗಲಿಲ್ಲ. ಉಪ್ಪಿನ ಮಡಕೆ ತಾ ಎಂದಾಗ ಅವನು ಹುಣಸೆ ಮಡಕೆ ತಂದರೆ ಅವ್ವ, "ಬುಡು, ಅವ್ನು ಬುಕ್ ನೋಡ್ಕಂಡ್ ಆರ್ದೋನಲ್ವಾ," ಎನ್ನುತ್ತಿದ್ದಳು. ಲೆಕ್ಕ ತಪ್ಪಿದರೆ ಅಪ್ಪ, "ಬುಕ್ಕಲ್ಲಿ ಒಂದಿದ್ರೆ ನಿಂಗೆ ಇನ್ನೊಂದ್ ಕಾಣ್ತದೆ," ಎನ್ನುತ್ತಿದ್ದ. ಯಾರಿಗೂ ಅವನ ಮೇಲೆ ದ್ವೇಷವಿರಲಿಲ್ಲ, ಪ್ರೀತಿಯಿಂದಲೇ ಆಡಿಕೊಳ್ಳುತ್ತಿದ್ದರು. ಅವನೂ ನಗುತ್ತಿದ್ದ. ಹೇಳಲು ಕಷ್ಟವಾದರೂ ಹೇಳುತ್ತೇನೆ, ಕೆಲವು ಸಲ ನಾನೂ ನಕ್ಕಿದ್ದೇನೆ.

ನನ್ನನ್ನು ಕಿರುಗಾವಲಿನ ಕಡೆಗೆ ಕೊಟ್ಟರು. ಮೊದಲನೇ ಗೌರಿ ಹಬ್ಬಕ್ಕೆ ಕರೆದುಕೊಂಡು ಹೋಗಲು ತಮ್ಮನೇ ಬಂದ. ಆಗ ಏಳನೇ ಕ್ಲಾಸಿನಲ್ಲಿದ್ದ, ನನಗಿಂತ ಎತ್ತರ ಆಗಿದ್ದ. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮದ್ದೂರಿನ ಬಸ್ಸು ಕಾಯುತ್ತಾ ಕೂತಿದ್ದೆವು.

"ಮುಂದ್ಲೊರ್ಸ ಐಸ್ಕೂಲು ಎಲ್ಲಿಗ್ಲಾ?" ಎಂದೆ.

"ಇಲ್ಲ. ಈ ವರ್ಸ ಮುಗುಸ್ಬುಟ್ಟು ಸಾಕು ಅಂದವ್ರೆ ಅಪ್ಪ."

"ಯಾಕೆ? ನೀನು ಪಾಸಾಯ್ತಿದ್ದೀಯಲ್ಲ."

"ನಂಗೆ ಓದು ತಲೆಗ್ ಅತ್ತಲ್ಲ ಕಣಕ್ಕ. ಓದ್ತೀನಿ, ಆದ್ರೆ ಅರ್ಥ ಮಾಡ್ಕಳದು ಉಲ್ಟಾ. ಗೊತ್ತಲ್ಲ ನಿಂಗೇ." ಹೀಗೆಂದು ತನ್ನ ಎಡಗೈ ತೋರಿಸಿ ನಕ್ಕ. "ಕ್ಲಾಸಲ್ಲಿ ಉತ್ರ ಗೊತ್ತಿದ್ರೂ ಕೈ ಎತ್ತಲ್ಲ. ಏನೋ ತೆಪ್ಪಾಗ್ ತಿಳ್ಕಂಡಿರ್ತೀನಿ ಅಂತ."

ಅವನ ಕೈಯನ್ನು ದಿನವೂ ನೋಡಿ ನೋಡಿ ಅಷ್ಟೇ ನನ್ನ ತಪ್ಪು ಎಂದುಕೊಂಡಿದ್ದೆ. ಇದು ನನಗೆ ಗೊತ್ತಿರಲಿಲ್ಲ. ಬಸ್ಸು ಬಂದರೆ ಮತ್ತೆ ಹೇಳುವುದಿಲ್ಲ ಎನ್ನಿಸಿ ಹೇಳಿಬಿಟ್ಟೆ. ನನಗೆ ಓದಲು ಬರುತ್ತಿರಲಿಲ್ಲ, ಕತೆಯೆಲ್ಲ ನಾನೇ ಕಟ್ಟಿದ್ದು, ಆ ಸಾಲಿನಲ್ಲಿ ಇದ್ದದ್ದು ಹುಲ್ಲಿನ ಗಾಡಿ ಎಂದು.

ಅವನು ಎದ್ದು ಹೋಗಿ ನಿಂತಿದ್ದ ಬಸ್ಸುಗಳ ಬೋರ್ಡು ನೋಡುತ್ತಾ ನಿಂತ. ಸಿಟ್ಟಾಗಿದ್ದಾನೆ ಎಂದುಕೊಂಡೆ, ಆಗಲಿ ಎಂದೂ ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಬಂದ.

"ಅಂಗಾರೆ ಉಸ್ರು ಬುಟ್ಟುದ್ದಕ್ಕಲ್ವಾ ನಾನು ಬಿದ್ದುದ್ದು?"

"ಉಸ್ರು ಬುಟ್ರೂ ಬೀಳ್ತಿದ್ದೆ, ಬುಡ್ದಿದ್ರೂ ಬೀಳ್ತಿದ್ದೆ ಕಣ್ಲಾ."

"ಥೂ, ನಾನು ವರ್ಸಾನ್ಗಟ್ಲೆ ನಾಲೇಲಿ ಮುಳುಗ್ ಮುಳುಗಿ ಉಸ್ರು ಕಟ್ಟೋದ ಕಲ್ತಿವ್ನಿ."

ಅವನಿಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಮುದುಕ ತಿರುಗಿ ನೋಡುವಷ್ಟು ನಕ್ಕ. ಆಮೇಲೆ ಬಸ್ಸಿನಲ್ಲಿ ಒಂದೊಂದೇ ಕೇಳುತ್ತಾ ಬಂದ.

"ಸರದಾರನ ಅವ್ವ?"

"ನಾನ್ ಮಾಡಿದ್ದು."

"ಕುದ್ರೆ ಉಳ್ಳಿ ಕದಿಯೋದು?"

"ಅದೂ ನಾನೇ."

"ಅದೇ ಕಣಕ್ಕ ಚೆನ್ನಾಗಿದ್ದುದ್ದು," ಎಂದು ಕಿಟಕಿಯ ಹೊರಗೆ ನೋಡಿದ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದ, "ಮನೇಲೂ ಏಳ್ತೀಯಾ?"

ಹೇಳಿದೆ. ಹೋದ ದಿನವೇ ಸಂಜೆ, ಅಪ್ಪ ಜಗಲಿಯ ಮೇಲೆ ಕೂತಿದ್ದಾಗ, ಅವ್ವ ಬಾಗಿನದ ಮೊರಕ್ಕೆ ಅರಿಶಿನ ಹಚ್ಚುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಹಬ್ಬಕ್ಕೆ ಬಂದ ಮಗಳು ಇಂಥ ಮಾತು ಎತ್ತುತ್ತಾಳೆಂದು ಅವರು ಎಣಿಸಿರಲಿಲ್ಲ. ಅವ್ವನ ಕೈ ಮೊರದ ಮೇಲೆ ನಿಂತಿತು.

"ಇಷ್ಟ್ ದಿನ ಯಾಕವ್ವ ಬಾಯಿ ಬುಡ್ನಿಲ್ಲ ನೀನು?"

"ಎದ್ರಿಕೆ ಆಯ್ತು ಕಣವ್ವ. ಓದಕ್ ಬರಲ್ಲ ಅಂತ ಗೊತ್ತಾಯ್ತದೆ ಅಂತ."

ಅಪ್ಪ ನನ್ನನ್ನು ಬೈಯುತ್ತಾನೆಂದು ಕಾದೆ. ಅವನು ತಮ್ಮನ ಕಡೆಗೇ ನೋಡುತ್ತಿದ್ದ, ಹೊಸದಾಗಿ ಮನೆಗೆ ಬಂದವರನ್ನು ನೋಡುವ ಹಾಗೆ.

"ಅಂಗಾರೆ ಇವ್ನು ಸರ್ಯಾಗೇ ಕೇಳುಸ್ಕಂಡವ್ನೆ," ಎಂದ. "ಏಳುದ್ದ ಏಳ್ದಂಗೇ ಮಾಡವ್ನೆ. ನಾವೇ ಪೆದ್ದ ಪೆದ್ದ ಅಂತಿದ್ದುದ್ದು." ಅವ್ವನ ಕಡೆ ತಿರುಗಿ, "ಮುಂದ್ಲೊರ್ಸ ಮದ್ದೂರ್ ಐಸ್ಕೂಲ್ಗೇ ಸೇರ್ಸಾಣ ಬುಡು. ಬಸ್ಸದೆ," ಎಂದ.

ಗೋಡೆಗೆ ಒರಗಿ ನಿಂತಿದ್ದ ತಮ್ಮ ಕೆಳಗೆ ಕೂತ. ಅವನ ಭುಜ ಇಳಿದದ್ದು ನೋಡಿ ನನ್ನ ಎದೆಯ ಭಾರವೂ ಇಳಿಯಿತು. ಅಳು ಬರಲಿಲ್ಲ. ಹಸಿವಾಯಿತು. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು.

ಆದರೂ ಒಂದು ಮಾತು ಉಳಿದಿತ್ತು. ನಡೆದದ್ದನ್ನು ಹೇಳಿದ್ದೆ, ಅಷ್ಟೇ. ನಮ್ಮ ಕಡೆ ದೊಡ್ಡವರು ಚಿಕ್ಕವರನ್ನು ಕ್ಷಮೆ ಕೇಳುವ ವಾಡಿಕೆಯಿಲ್ಲ. ತಲೆ ಸವರುತ್ತಾರೆ, ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಾರೆ, ಅದರಲ್ಲೇ ತಿಳಿದುಕೊಳ್ಳಬೇಕು. ನಾನೂ ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಬಾಯಿಂದ ಆದದ್ದನ್ನು ಬಾಯಿಂದಲೇ ತೀರಿಸಬೇಕು ಎನ್ನಿಸಿತು. ಅವನ ಪಕ್ಕಕ್ಕೆ ಹೋಗಿ ಕೂತೆ, ಅಪ್ಪ ಅವ್ವ ಕೇಳುವ ಹಾಗೆಯೇ ಹೇಳಿದೆ:

"ತೆಪ್ಪಾಯ್ತು ಕಣಪ್ಪ. ನಿನ್ ಕೈ ಮುರುಸ್ದುದ್ದಕ್ಕೂ ತೆಪ್ಪಾಯ್ತು, ನಿನ್ನ ಪೆದ್ದ ಅನ್ನುವಾಗ ಸುಮ್ಕಿದ್ದುದ್ದಕ್ಕೂ ತೆಪ್ಪಾಯ್ತು."