ಅಪ್ಪನ ಇಂಜಿನ್ನಿಗೆ ನಾನು ಬಳಿದ ಬಣ್ಣ

ನಮ್ಮಪ್ಪ ಸೇತುಮಾಧವ ರಾಯರಿಗೆ ಇಬ್ಬರು ಮಕ್ಕಳು ಎಂದು ಸೇಲಂನ ನಮ್ಮ ಬೀದಿಯವರು ತಮಾಷೆ ಮಾಡುತ್ತಿದ್ದರು. ಮೊದಲನೆಯದು ಅವರು ಓಡಿಸುತ್ತಿದ್ದ ಉಗಿ ಇಂಜಿನ್, ಎರಡನೆಯವನು ನಾನು, ಶ್ರೀನಿಧಿ. ಮೊದಲನೆಯದು ಹೇಳಿದ ಮಾತು ಕೇಳುತ್ತಿತ್ತು, ಹೆಚ್ಚುಕಮ್ಮಿ ಹೊತ್ತಿಗೆ ಸರಿಯಾಗಿ ಊರು ಸೇರುತ್ತಿತ್ತು. ಎರಡನೆಯವನ ವಿಷಯ ನಿಧಾನವಾಗಿ ಹೇಳುತ್ತೇನೆ. ಮರ್ಯಾದೆ ಹೋಗುವ ಕತೆಯನ್ನು ಯಾರೂ ಅವಸರದಲ್ಲಿ ಹೇಳುವುದಿಲ್ಲ.

ಅಪ್ಪ ಸೇಲಂನಿಂದ ಬೆಂಗಳೂರಿಗೆ ಹೋಗುವ ಮೀಟರ್ ಗೇಜ್ ದಾರಿಯ ಡ್ರೈವರ್ ಆಗಿದ್ದರು. ತೊಪ್ಪೂರು ಘಾಟಿ ಹತ್ತುವಾಗ ಇಂಜಿನ್ ಏದುಸಿರು ಬಿಟ್ಟರೆ ಅಪ್ಪನೂ ಬಿಡುತ್ತಿದ್ದರಂತೆ. ಆ ಕಾಲದಲ್ಲಿ ಡ್ರೈವರುಗಳು ತಮ್ಮ ಪಾಲಿನ ಇಂಜಿನ್ನನ್ನು ಮನೆಯ ಹಸುವಿನ ಹಾಗೆ ಸಿಂಗರಿಸುತ್ತಿದ್ದರು. ಅಪ್ಪ ತಮ್ಮ ಇಂಜಿನ್ನಿನ ಮುಂದಿನ ಅಡ್ಡಪಟ್ಟಿಗೆ ಕಡುಕೆಂಪು ಬಳಿಸಿ, ತಾವು ನಿಲ್ಲುವ ಕೋಣೆಯ ಎರಡೂ ಪಕ್ಕ ಒಂದೊಂದು ಗಿಳಿ ಬರೆಸಿದ್ದರು. ಹಸಿರು ಮೈ, ಕೆಂಪು ಕೊಕ್ಕು. ಧರ್ಮಪುರಿ, ಪಾಲಕೋಡ್ ಕಡೆಯ ಜನ ಅದಕ್ಕೆ 'ಕಿಳಿ ವಂಡಿ', ಅಂದರೆ ಗಿಳಿ ಗಾಡಿ, ಎಂದೇ ಹೆಸರಿಟ್ಟಿದ್ದರು.

ನನ್ನ ಓದು ಮುಗಿದ ಕೂಡಲೇ ನಾನೂ ರೈಲ್ವೆ ಸೇರಬೇಕು, ಮೊದಲು ಫೈರ್‌ಮನ್, ಆಮೇಲೆ ಡ್ರೈವರ್ ಎಂದು ಅಪ್ಪ ತೀರ್ಮಾನಿಸಿದರು. ಅಭ್ಯಾಸವಾಗಲಿ ಎಂದು ಒಮ್ಮೆ ತೊಪ್ಪೂರು ಘಾಟಿಯವರೆಗೆ ಇಂಜಿನ್ನಿನಲ್ಲಿ ಕರೆದೊಯ್ದರು. ಮೂರು ಸಲಿಕೆ ಕಲ್ಲಿದ್ದಲು ಎತ್ತುವಷ್ಟರಲ್ಲಿ ನನ್ನ ಅಂಗೈ ಬೊಬ್ಬೆ ಎದ್ದಿತು. ಮನೆಗೆ ಬಂದು ಅಮ್ಮನ ಮುಂದೆ, "ಈ ಕೆಲಸ ನನ್ನ ಕೈಲಿ ಆಗಲ್ಲಮ್ಮ" ಎಂದು ಅತ್ತೆ. ಅಪ್ಪ ಅದನ್ನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು.

ಮುಂದಿನ ವಾರವೇ ವೈದ್ಯಕೀಯ ಪರೀಕ್ಷೆ. ರೈಲ್ವೆ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ತೆರೆದು, ಚುಕ್ಕೆಗಳ ನಡುವೆ ಇರುವ ಅಂಕಿ ಓದು ಎಂದರು. ನನಗೆ ಕಂಡದ್ದು ತಟ್ಟೆಯಲ್ಲಿ ಚೆಲ್ಲಿದ ಸಬ್ಬಕ್ಕಿ. ಪುಟ ತಿರುವಿದರು, ಮತ್ತೆ ಸಬ್ಬಕ್ಕಿ. "ಅಂಕಿ ಎಲ್ಲಿದೆ ಸಾರ್?" ಎಂದು ನಾನೇ ಅವರನ್ನು ಕೇಳಿದೆ. ಕೆಂಪು ಹಸಿರು ತಿಳಿಯದವನ ಕೈಗೆ ಸಿಗ್ನಲ್ ನೋಡುವ ಕೆಲಸ ಕೊಡುವವರು ಯಾರು? ಅನ್‌ಫಿಟ್ ಎಂದು ಕಳಿಸಿಬಿಟ್ಟರು.

ಅಪ್ಪ ನಂಬಲಿಲ್ಲ. ನಂಬುವುದಾದರೂ ಹೇಗೆ? ಹಿಂದಿನ ವಾರವಷ್ಟೇ ಕಲ್ಲಿದ್ದಲು ಬೇಡವೆಂದು ಅತ್ತವನು ಈ ವಾರ ಅಂಕಿ ಕಾಣಲಿಲ್ಲ ಎಂದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ? ಅಪ್ಪ ಕೂಗಾಡುವ ಜಾತಿಯಲ್ಲ. ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೆಳಗಿಡುತ್ತಾ ತಣ್ಣಗೆ ಹೇಳುತ್ತಿದ್ದರು, "ನಮ್ಮವನು ಕಲ್ಲಿದ್ದಲಿಗೆ ಹೆದರಿ ಕಣ್ಣು ಕಾಣದವನ ವೇಷ ಹಾಕಿದ." ಎದುರು ಮನೆಯ ಕುಪ್ಪಸ್ವಾಮಿಯವರಂತೂ ಇದನ್ನು ಎಷ್ಟು ಸಲ ಕೇಳಿದ್ದರೆಂದರೆ, ಅಪ್ಪ ಶುರು ಮಾಡಿದರೆ ಅವರೇ ಮುಗಿಸುತ್ತಿದ್ದರು. ಅಮ್ಮ ಇರುವವರೆಗೆ ನನ್ನ ಪರ ವಾದಿಸಿದಳು. ಅವಳು ಹೋದ ಮೇಲೆ ನಾನೂ ಸುಮ್ಮನಾದೆ. ಕಾಣುವುದನ್ನಾದರೆ ಬೆರಳು ಮಾಡಿ ತೋರಿಸಬಹುದು, ಕಾಣದಿರುವುದನ್ನು ಹೇಗೆ ತೋರಿಸುವುದು?

ದೇವರಿಗೂ ಒಂದಿಷ್ಟು ಕುಚೋದ್ಯ ಉಂಟು. ನನಗೆ ಸಿಕ್ಕಿದ್ದು ಸಹಕಾರ ಸಂಘಗಳ ಆಡಿಟ್ ಕೆಲಸ, ಅದರಲ್ಲೂ ಎಡಪ್ಪಾಡಿಯ ನೇಕಾರರ ಸಂಘಗಳು. ಅಲ್ಲಿನವರು ಪ್ರೀತಿಯಿಂದ ಸೀರೆ ಬಿಡಿಸಿ, "ಕಲರ್ ಎಪ್ಪಡಿ ಸಾರ್?" ಎಂದು ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಕೇಳುವರು. ಯಾವ ಬಣ್ಣಕ್ಕೂ "ಒಳ್ಳೇ ಗಾಢವಾಗಿದೆ" ಎನ್ನುವುದನ್ನು ರೂಢಿ ಮಾಡಿಕೊಂಡೆ. ಒಮ್ಮೆ ಅಚ್ಚ ಬಿಳಿ ಪಂಚೆಗೂ ಹಾಗೇ ಅಂದುಬಿಟ್ಟೆ. ಹೆಂಡತಿ ಭುವನಾ ಬಂದ ಮೇಲೆ ನನ್ನ ಶರಟುಗಳನ್ನು ಅವಳೇ ಆರಿಸತೊಡಗಿದಳು. ಅವಳು ಜೊತೆಗಿಲ್ಲದ ಒಂದು ದಿನ ಪಾಲಕೋಡ್ ಸಂತೆಯಿಂದ ಒಂದು ಬುಟ್ಟಿ ಹಣ್ಣು ಟೊಮೇಟೊ ತಂದೆ. ಅಷ್ಟೂ ಹಸಿಗಾಯಿ. ಅಪ್ಪ ಬುಟ್ಟಿಯೊಳಗೆ ಬಗ್ಗಿ ನೋಡಿ, "ಒಂದು ಸುಳ್ಳು ಕಾಪಾಡೋಕೆ ಎಷ್ಟು ಕಷ್ಟ ನೋಡು, ಕಾಯಿ ಟೊಮೇಟೊನೂ ಹೊತ್ತು ತರಬೇಕು" ಎಂದರು. ಆ ವಾರವೆಲ್ಲ ಕಾಯಿ ಗೊಜ್ಜನ್ನು ಅವರೇ ಚಪ್ಪರಿಸಿ ಉಂಡರು ಎಂಬುದು ಬೇರೆ ಮಾತು.

ಅಪ್ಪ ನಿವೃತ್ತರಾದ ಮೇಲೆ ಆಯುಧಪೂಜೆ ಅವರಿಗೆ ಕಷ್ಟದ ಹಬ್ಬವಾಯಿತು. ಕೆಲಸದಲ್ಲಿದ್ದಾಗ ಶೆಡ್ಡಿನಲ್ಲಿ ಇಂಜಿನ್ನಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಕೊಟ್ಟು ಮುಂದೆ ಬಿಡುತ್ತಿದ್ದರು. ಈಗ ಮನೆಯಲ್ಲಿ ಭುವನಾ ಹೊಲಿಗೆ ಯಂತ್ರಕ್ಕೆ ಕುಂಕುಮ ಇಡುವಳು, ನಾನು ಸೈಕಲ್ಲಿಗೆ ಹೂ ಮುಡಿಸುವೆ. ಅಪ್ಪ ಮಾತ್ರ ಬರಿಗೈಯಲ್ಲಿ ಕೂತು, "ನನ್ನ ಆಯುಧ ಶೆಡ್ಡಲ್ಲೇ ಉಳೀತು" ಎನ್ನುವರು. ಅವರಿಗೆ ಒಂದು ಆಯುಧ ಕೊಟ್ಟು, ಅವರ ಬಾಯಿಂದ ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಕೇಳಿಸಿಕೊಳ್ಳಬೇಕು ಎಂಬ ಆಸೆ ಹತ್ತಿತು. ಸುಳ್ಳುಗಾರನೆಂಬ ಹೆಸರು ಹೋಗುವ ಆಸೆಯನ್ನು ಬಿಟ್ಟೇಬಿಟ್ಟಿದ್ದೆ.

೧೯೯೩ರಲ್ಲಿ ಏರ್ಕಾಡಿಗೆ ಆಡಿಟ್‌ಗೆ ಹೋದಾಗ ಹಳೆಯ ಬಂಗಲೆಯೊಂದರ ಸಾಮಾನು ಮಾರುತ್ತಿದ್ದರು. ಅಲ್ಲಿತ್ತು ಮಾದರಿ ಉಗಿ ಇಂಜಿನ್. ಅಂಗೈಯಲ್ಲಿ ಹಿಡಿಯುವ ಆಟಿಕೆಯಲ್ಲ, ತೊಟ್ಟಿಲಷ್ಟು ಉದ್ದ, ಜೊತೆಗೆ ಮೂಟೆ ತುಂಬ ಹಳಿ. ಯಾವುದೋ ಬಿಳಿಯ ದೊರೆ ಮಗನಿಗೆಂದು ಸೀಮೆಯಿಂದ ತರಿಸಿದ್ದಿರಬೇಕು. ಮೈಯೆಲ್ಲ ತುಕ್ಕು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಘಾಟಿ ಇಳಿದೆ. ಕಂಡಕ್ಟರ್ ಲಗೇಜ್ ಚೀಟಿ ಹರಿಯಬೇಕೋ ಮಕ್ಕಳ ಟಿಕೆಟ್ ಹರಿಯಬೇಕೋ ತಿಳಿಯದೆ ತಲೆ ಕೆರೆದುಕೊಂಡ.

ಅದನ್ನು ಅಪ್ಪನ ಇಂಜಿನ್ ಮಾಡುವುದೆಂದು ಹೊರಟೆ. ಉದ್ದ ಚಿಮಣಿಯನ್ನು ಗರಗಸದಿಂದ ಕುಯ್ದು ಗಿಡ್ಡ ಮಾಡಿದೆ. ಟಾರ್ಚಿನ ತಲೆ ಕಿತ್ತು ಮುಂದೀಪ ಕೂರಿಸಿದೆ. ಹಾಲುಪುಡಿ ಡಬ್ಬ ಬಡಿದು ಕಲ್ಲಿದ್ದಲಿನ ಬಂಡಿ ಮಾಡಿದೆ. ಹೊಗೆಗೆ ಚಿಮಣಿಯೊಳಗೆ ಊದುಬತ್ತಿ. ಇನ್ನು ಸದ್ದು ಬೇಕಲ್ಲ. ಉಗಿ ಇಂಜಿನ್ ಅಪರೂಪವಾಗುತ್ತಿದ್ದ ಕಾಲ ಅದು. ಎರಡು ಭಾನುವಾರ ಟೇಪ್ ರೆಕಾರ್ಡರ್ ಹಿಡಿದು ತೊಪ್ಪೂರು ಸ್ಟೇಷನ್ನಿನಲ್ಲಿ ಕಾದು, ಬಂದ ಒಂದು ಗೂಡ್ಸ್ ಇಂಜಿನ್ನಿನ ಪಕ್ಕದಲ್ಲೇ ಓಡುತ್ತಾ ಅದರ ಉಸಿರನ್ನೂ ಸಿಳ್ಳನ್ನೂ ಹಿಡಿದೆ. ರೇಡಿಯೋ ರಿಪೇರಿಯ ಲಕ್ಷ್ಮಣನ್ ಒಂದು ಮೋಟಾರು ಹಾಕಿ, ಟೇಪಿನ ಯಂತ್ರವನ್ನೂ ಪುಟ್ಟ ಸ್ಪೀಕರನ್ನೂ ಡಬ್ಬದೊಳಗೆ ಕೂರಿಸಿಕೊಟ್ಟು, "ಇದೆಲ್ಲಾಂ ಉಂಗಳುಕ್ಕು ತೇವೆಯಾ ಸಾರ್?" ಎಂದ. ಇದೆಲ್ಲ ನಿಮಗೆ ಬೇಕಿತ್ತಾ ಎಂದು ಕೇಳಿದವನ ಕೈಗೆ ದುಡ್ಡಿಟ್ಟು ಇಂಜಿನ್ ಎತ್ತಿಕೊಂಡು ಬಂದೆ.

ಕೊನೆಗೆ ಬಣ್ಣ. ಭುವನಾಳನ್ನು ಕೇಳಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಅವಳಿಗೂ ಗೊತ್ತಾಗದ ಹಾಗೆ ಮಾಡಿ ಎಲ್ಲರನ್ನೂ ಬೆರಗಾಗಿಸುವ ಹುಚ್ಚು. ಹಿತ್ತಲ ಬಚ್ಚಲಿನ ಹಂಡೆಯ ಹಿಂದೆ ಇಂಜಿನ್ ಅಡಗಿಸಿ, ಅವಳು ಮಠಕ್ಕೆ ಹೋದಾಗಲೆಲ್ಲ ಕೆಲಸ ಮಾಡಿದೆ. ನನ್ನ ಕಣ್ಣಿನ ಸಂಗತಿ ನನಗೆ ಗೊತ್ತಿಲ್ಲವೇ? ಅದಕ್ಕೇ ಅಂಗಡಿಯಲ್ಲೇ ಉಪಾಯ ಮಾಡಿದ್ದೆ: ಕೆಂಪನ್ನು ದೊಡ್ಡ ಡಬ್ಬದಲ್ಲಿ ಕೊಡಿ, ಹಸಿರನ್ನು ಚಿಕ್ಕ ಡಬ್ಬದಲ್ಲಿ ಕೊಡಿ ಎಂದು. ಗಾತ್ರ ನೋಡಿದರೆ ಸಾಕು, ಬಣ್ಣ ನೋಡಬೇಕಾಗಿಯೇ ಇಲ್ಲ. ಇಷ್ಟು ಬುದ್ಧಿವಂತಿಕೆಗೆ ದೃಷ್ಟಿ ತಾಗದೆ ಇರುತ್ತದೆಯೇ? ದೊಡ್ಡ ಡಬ್ಬದ ಮುಚ್ಚಳ ಅಂಟಿಕೊಂಡಿತ್ತು. ಸುತ್ತಿಗೆಯಲ್ಲಿ ಹೊಡೆದೆ. ತಳ ಸೀಳಿತು. ಸೋರಿ ಉಳಿದ ಕೆಂಪನ್ನು ಅವಸರದಲ್ಲಿ ಒಂದು ಪುಟ್ಟ ಉಪ್ಪಿನಕಾಯಿ ಜಾಡಿಗೆ ಸುರಿದುಕೊಂಡು ಕೈ ತೊಳೆದೆ. ಮರುವಾರ ಬಂದು ಕೂತಾಗ ಆ ಜಾಡಿಯ ಪಕ್ಕದಲ್ಲಿ ಹಸಿರಿನ ಡಬ್ಬವೇ ದೊಡ್ಡದಾಗಿ ಕಂಡಿತು. ದೊಡ್ಡದು ಕೆಂಪು, ಚಿಕ್ಕದು ಹಸಿರು ಎಂದು ಬಾಯಿಪಾಠ ಒಪ್ಪಿಸುತ್ತಾ ಕುಂಚ ಅದ್ದಿದೆ.

ಗಿಳಿಯನ್ನು ಎಷ್ಟು ಶ್ರದ್ಧೆಯಿಂದ ಬರೆದೆ ಅಂತೀರಿ. ಒಂದೊಂದು ಗರಿಗೂ ಸಣ್ಣ ಗೆರೆ. ಕೊಕ್ಕಿಗೆ ಬೆಂಕಿಕಡ್ಡಿಯ ತುದಿಯಿಂದ ಬಣ್ಣ. ಮುಗಿಸಿ ದೂರ ನಿಂತು ನೋಡಿ, ಡ್ರಾಯಿಂಗ್ ಮೇಷ್ಟರಾಗಬೇಕಾಗಿದ್ದವನು ಆಡಿಟ್‌ಗೆ ಬಿದ್ದು ಹಾಳಾದೆ ಎಂದುಕೊಂಡೆ.

ಆಯುಧಪೂಜೆಯ ಬೆಳಿಗ್ಗೆ ಅಪ್ಪನ ಹಳೆಯ ಫೈರ್‌ಮನ್ ಜವರಪ್ಪನನ್ನು ಪಾಲಕೋಡಿನ ಹಳ್ಳಿಯಿಂದ ಕರೆಸಿದ್ದೆ. ನಡುಮನೆಯಲ್ಲಿ ಗೊಂಬೆಗಳ ಮೆಟ್ಟಿಲಿನ ಮುಂದೆ ಹಳಿ ಜೋಡಿಸಿ, ಇಂಜಿನ್ನಿಗೆ ಪಂಚೆ ಮುಚ್ಚಿ, ಗಾಲಿಯ ಮುಂದೆ ನಿಂಬೆಹಣ್ಣಿಟ್ಟೆ. ಅಪ್ಪನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. "ಅಪ್ಪ, ಶೆಡ್ಡಿಂದ ನಿಮ್ಮ ಆಯುಧ ಬಂದಿದೆ" ಎಂದು ಪಂಚೆ ಎಳೆದೆ.

ಭುವನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜವರಪ್ಪ ತೊಪ್ಪೂರು ಘಾಟಿಯಲ್ಲಿ ಬ್ರೇಕ್ ಹಿಡಿಯದವನಂತೆ ನಿಂತ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಲೆಯ ಮುಂದೆ ಜನ ಮೂಕರಾಗುತ್ತಾರೆ ಎಂದು ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. "ಗಿಳಿ ನೋಡಿ, ಕೊಕ್ಕು ನೋಡಿ, ಥೇಟ್ ಹಾಗೇ ಬಂದಿದೆ" ಎಂದು ಬೇರೆ ವಿವರಿಸಿದೆ.

ಆಮೇಲೆ ಸ್ವಿಚ್ ಒತ್ತಿದೆ. ಸಿಳ್ಳು ಬಂತು, ಉಸಿರು ಬಂತು, ಊದುಬತ್ತಿಯ ಹೊಗೆ ಬಂತು. ಹಿಂದೆಯೇ ಕಲ್ಲಿದ್ದಲಿನ ಬಂಡಿಯೊಳಗಿಂದ, "ಯೋವ್, ಅರಿವಿರುಕ್ಕಾ, ತಳ್ಳಿ ನಿಲ್ಲು" ಎಂದು ಯಾರೋ ಗದರಿದರು. ಬುದ್ಧಿ ಇದೆಯೇನಯ್ಯಾ, ದೂರ ನಿಲ್ಲು ಎಂದು ತೊಪ್ಪೂರಿನಲ್ಲಿ ಸ್ಟೇಷನ್ನಿನವನೊಬ್ಬ ನನಗೆ ಬೈದದ್ದೂ ಟೇಪಿಗೆ ಬಿದ್ದಿತ್ತು. ಆ ಬೈಗುಳದ ಜೊತೆಗೇ ಇಂಜಿನ್ ನಿಂಬೆಹಣ್ಣಿಗೆ ಮುಟ್ಟಿತು. ಹಣ್ಣು ಜಪ್ಪಯ್ಯ ಅನ್ನಲಿಲ್ಲ, ಇಂಜಿನ್ನೇ ಹಳಿ ತಪ್ಪಿ ಮಗ್ಗುಲಾಯಿತು. ಭುವನಾ ತಡೆಯಲಾರದೆ ನಕ್ಕಳು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅಂತಾರಲ್ಲ, ಅದು ನಾನೇ.

ಅಪ್ಪ ನಗಲಿಲ್ಲ. ಬಗ್ಗಿ ಇಂಜಿನ್ನನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಗಿಳಿಯ ಗರಿಗಳ ಮೇಲೆ ಬೆರಳಾಡಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಜವರಪ್ಪ, ಈ ಗಿಳಿ ನಿಂಗೆ ಯಾವ ಬಣ್ಣ ಕಾಣ್ತದೆ? ನಂದು ಆಪರೇಷನ್ ಆದ ಕಣ್ಣು" ಎಂದರು.

ಜವರಪ್ಪ ನನ್ನ ಮುಖ ನೋಡಿ, ನೆಲ ನೋಡಿ, "ಕೆಂಪಗೈತೆ ಸಾಮಿ. ಕೊಕ್ಕು ಅಸ್ರಾಗೈತೆ. ಮುಂದಲ ಪಟ್ಟೀನೂ ಅಸ್ರೇ. ಬೇಜಾರ್ ಮಾಡ್ಕಬೇಡಿ, ಕೂಸು ಚೆಂದಾಗೇ ಬರ್ದೈತೆ" ಎಂದ.

ಒಂದು ಒಳ್ಳೆಯ ಮಾತಿಗಾಗಿ ತಿಂಗಳುಗಟ್ಟಲೆ ಬಚ್ಚಲಲ್ಲಿ ಕೂತವನು, ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಗಿಳಿಯ ಬಣ್ಣವನ್ನೇ ತಪ್ಪಿದ್ದೆ. ಈಗ ಅಪ್ಪ ಏನೆನ್ನುತ್ತಾರೆ ಎಂಬುದೂ ಗೊತ್ತಿತ್ತು, ನಾಟಕ ಇನ್ನೂ ನಡೀತಿದೆ ಎನ್ನುತ್ತಾರೆ. ತಲೆ ತಗ್ಗಿಸಿ ನಿಂತೆ.

"ಶ್ರೀನಿಧಿ, ಇಲ್ಲಿ ಬಾ" ಎಂದರು. ಕೊಕ್ಕಿನ ಮೇಲೆ ಬೆರಳಿಟ್ಟು, "ಇದು ನಿಂಗೆ ಹೇಗೆ ಕಾಣ್ತದೆ?"

"ಕೆಂಪು ಅಂತಲೇ ಬಳಿದೆ ಅಪ್ಪ. ಈಗಲೂ ನನಗೆ ಹಸಿರು ಅಂತ ಕಾಣ್ತಿಲ್ಲ."

"ಇದು?" ಬೆರಳು ಗಿಳಿಯ ಮೈಗೆ ಸರಿಯಿತು.

"ಗಿಳಿ ಹಸಿರು ಅಲ್ವಾ ಅಪ್ಪ, ಹಸಿರೇ ಅನ್ಕೊಂಡೆ."

ಅಪ್ಪ ಇಂಜಿನ್ನನ್ನು ತಿರುಗಿಸಿ ಇನ್ನೊಂದು ಪಕ್ಕದ ಗಿಳಿಯನ್ನೂ ನೋಡಿದರು. "ಯಾವ ಸುಳ್ಳುಗಾರ ಇಷ್ಟು ಆಸೆಯಿಂದ ಇಂಥದ್ದು ಬರೀತಾನೋ" ಎಂದರು. ಆಮೇಲೆ ತಲೆಯೆತ್ತಿ, "ಅವತ್ತು ಆ ಡಾಕ್ಟರ ಪುಸ್ತಕದಲ್ಲಿ ನಿಂಗೆ ನಿಜವಾಗ್ಲೂ ಏನೂ ಕಾಣಿಸಲಿಲ್ವಾ?"

"ಚುಕ್ಕೆ ಕಾಣಿಸ್ತು ಅಪ್ಪ, ಅಂಕಿ ಕಾಣಿಸಲಿಲ್ಲ."

"ನಿಮ್ಮಮ್ಮ ಬಡ್ಕೊಂಡಳು. ನಾನು ಕೇಳಲಿಲ್ಲ" ಎಂದವರ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕೈ ಹಿಡಿದುಕೊಂಡು, "ಬಂದೋರ ಮುಂದೆಲ್ಲ ಆಡ್ಕೊಂಡ್ಬಿಟ್ಟೆನಲ್ಲೋ ನಿನ್ನ" ಎಂದರು. ನಾನು ಅವರ ಕನ್ನಡಕ ತೆಗೆದು ಒರೆಸಿಕೊಟ್ಟೆ. ಭುವನಾ ಕುಂಕುಮದ ಬಟ್ಟಲು ತಂದು ಹಿಡಿದಳು. ಅಪ್ಪ ಇಂಜಿನ್ನಿನ ಹಣೆಗೂ ಗಿಳಿಗೂ ಕುಂಕುಮ ಇಟ್ಟು ಕೈಮುಗಿದರು.

ಸಂಜೆ ಗೊಂಬೆ ನೋಡಲು ಬೀದಿಯವರು ಬರತೊಡಗಿದರು. ಅಪ್ಪ ಬಾಗಿಲ ಬಳಿಯೇ ಕುರ್ಚಿ ಹಾಕಿಸಿಕೊಂಡು, ಬಂದವರನ್ನೆಲ್ಲ ಮೊದಲು ಇಂಜಿನ್ನಿನ ಹತ್ತಿರ ಕರೆದೊಯ್ದರು. "ಶ್ರೀನಿಧಿ, ಬಾರೋ, ಈ ಗಿಳಿ ಯಾವ ಬಣ್ಣ ಅಂದ್ಕೊಂಡು ಬರೆದೆ ಹೇಳು" ಎನ್ನುವರು. "ಹಸಿರು" ಎನ್ನುವೆ. ಬಂದವರು ಘೊಳ್ಳೆಂದು ನಗುವರು. ಕಡಲೆ ಸುಂಡಲು ತಿನ್ನುತ್ತಿದ್ದ ಹೆಂಗಸರು ಮತ್ತೊಮ್ಮೆ ಹೇಳಿಸುವರು. ಮೆಟ್ಟಿಲ ಮೇಲಿನ ಗೊಂಬೆಗಳನ್ನು ಕೇಳುವವರೇ ಇಲ್ಲ. ನಗು ಅಡಗುವವರೆಗೆ ಕಾದು, ಇವನಿಗೆ ಬಣ್ಣ ಕಾಣದಿರುವುದು ನಿಜ ಎಂದು ಅಪ್ಪ ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ ಹೇಳುವರು.

ಎದುರು ಮನೆಯ ಕುಪ್ಪಸ್ವಾಮಿಯವರು ಬಂದಾಗ ಅಪ್ಪ ಎದ್ದು ನಿಂತರು. "ಕುಪ್ಪಸ್ವಾಮಿ, ಇಷ್ಟು ವರ್ಷ ನಿಮಗೊಂದು ಕತೆ ಹೇಳ್ತಿದ್ದೆನಲ್ಲ, ಅದು ತಪ್ಪು. ನನ್ನ ಮಗ ಸುಳ್ಳು ಹೇಳಿರಲಿಲ್ಲ" ಎಂದರು. ಆಮೇಲೆ ನನ್ನತ್ತ ತಿರುಗಿ, "ಹೇಳೋ, ಇವರಿಗೂ ಹೇಳು" ಎಂದರು. ಹಸಿರು ಎಂದೆ. ಆ ಸಂಜೆ ಎಷ್ಟು ಜನರ ಮುಂದೆ ಹಾಗೆ ಹೇಳಿ ನಗಿಸಿಕೊಂಡೆನೋ, ಒಂದು ಸಲವೂ ನಾಚಿಕೆಯಾಗಲಿಲ್ಲ.