ಕುಡದಿದ್ದೇನು ಎಂದ ಗೆಳೆಯ

ತೊಂಬತ್ತರ ದಶಕದ ಕೊನೆಯಲ್ಲಿ, ಎಂ.ಎ. ಓದುವಾಗ, ಗಾಜಿಪುರ ಬಡಾವಣೆಯ ಒಂದು ಕೋಣೆಯಲ್ಲಿ ನಾನು ಮತ್ತು ಗೆಳೆಯ ಬಾಡಿಗೆಗಿದ್ದೆವು. ಅವನು ಕಮಲಾಪುರದವನು, ಮನೆಯಲ್ಲಿ ಕಿರಾಣಿ ವ್ಯಾಪಾರ. ನಮ್ಮ ಮನೆಯಲ್ಲಿ ಮರಾಠಿ, ಪೂಜೆ, ಮಡಿ. ಬಾಗಿಲು ಹಾಕಿಕೊಂಡ ಮೇಲೆ ನಾವು ಪ್ರೇಮಿಗಳು, ಹೊರಗೆ ಗೆಳೆಯರು. ಬೇಸಿಗೆ ರಜೆಗೆ ಊರಿಗೆ ಹೋದವನಿಗೆ ಮನೆಯವರು ಹುಡುಗಿ ಗೊತ್ತು ಮಾಡಿದರು. ಬಂದು ವಿಷಯ ಹೇಳಿ, ಹಾಸಿಗೆ ಕಟ್ಟಿಕೊಂಡು ಹೋದ. ಆಮೇಲೆ ಊರಿನಿಂದಲೇ ಬಸ್ಸಿನಲ್ಲಿ ಕ್ಲಾಸಿಗೆ ಬರತೊಡಗಿದ.

ನಾನು ಕುಡಿಯಲು ಕಲಿತದ್ದು ಆಗ. ಮೊದಲು ನಿದ್ದೆ ಬರಲೆಂದು, ಆಮೇಲೆ ಹಗಲು ಕಳೆಯಲೆಂದು. ಸೇಡಂ ರಸ್ತೆಯಲ್ಲಿ ಕೋಣೆ ಮಾಡಿಕೊಂಡಿದ್ದ ಸೀನಿಯರ್ ಒಬ್ಬನಿಗೆ ನನ್ನ ಗುಟ್ಟು ಹೇಗೋ ತಿಳಿದಿತ್ತು. “ನಿನ್ನಂಥವರ ಸಂಕಟ ನನಗ ಗೊತ್ತದ” ಎಂದ. ಅಂಥ ಮಾತು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ, ಕರಗಿಹೋದೆ. ಒಂದು ಭಾನುವಾರ ಮಧ್ಯಾಹ್ನ ಅವನ ಕೋಣೆಯಲ್ಲಿ ಕುಡಿದೆವು. ನನ್ನ ಗ್ಲಾಸು ಬರಿದಾಗಲು ಅವನು ಬಿಡಲಿಲ್ಲ. ಎದ್ದು ನಿಲ್ಲಲೂ ಆಗದೆ ಬಿದ್ದಿದ್ದಾಗ ಮೈಮೇಲೆ ಬಂದ, ಬೇಡ ಎಂದದ್ದು ನೆನಪಿದೆ. ಅವನು ನಿಲ್ಲಿಸಲಿಲ್ಲ. ಆಮೇಲೆ ತಲೆ ಬಾಚಿಕೊಳ್ಳುತ್ತಾ, ಪೊಲೀಸರ ಹತ್ತಿರ ಹೋದರೆ ಒಳಗೆ ಹಾಕುವುದು ನಿನ್ನನ್ನೇ ಎಂದ. ಆಗಿನ ಕಾನೂನೂ ನನ್ನಂಥವರ ಪರ ಇರಲಿಲ್ಲ.

ಮರುದಿನ ಸಂಜೆ ಕಮಲಾಪುರದ ಬಸ್ಸು ಹತ್ತಿದೆ. ಗೆಳೆಯ ಅಂಗಡಿಯಲ್ಲಿ ಬೇಳೆ ತೂಗುತ್ತಿದ್ದ. ಗಿರಾಕಿ ಹೋದ ಮೇಲೆ ಎಲ್ಲ ಹೇಳಿದೆ. ಅವನು ತಕ್ಕಡಿಯ ತಟ್ಟೆ ಒರೆಸಿದ.

“ಕುಡದಿದ್ದೇನು?” ಎಂದ.

“ಹೂಂ.”

“ಮತ್ತ ಅಲ್ಲಿಗಿ ಯಾಕ ಹೋಗಿದ್ದಿ?”

ಒಳಗಿನಿಂದ ಅವನ ತಾಯಿ ಊಟಕ್ಕೆ ಕರೆದರು. ರೊಟ್ಟಿ, ಪುಂಡಿಪಲ್ಯ ಬಡಿಸಿ, ಭಾಳ ಸೊರಗಿದ್ದೀ ಎಂದು ಮತ್ತೂ ಬಡಿಸಿದರು. ಅವರೆದುರು ಅಳಬಾರದೆಂದು ತಿನ್ನುತ್ತಲೇ ಇದ್ದೆ. ಬಸ್ ಸ್ಟ್ಯಾಂಡಿನವರೆಗೆ ಗೆಳೆಯ ಜೊತೆಗೆ ಬಂದ. ಅವನ ಮದುವೆಗೆ ನಾನು ಹೋಗಲಿಲ್ಲ.

ಎಂ.ಎ. ಅರ್ಧಕ್ಕೇ ನಿಂತಿತು. ವರ್ಷಗಟ್ಟಲೆ ಕುಡಿದೆ. ಲಿವರ್ ಕೆಟ್ಟು ಆಸ್ಪತ್ರೆ ಸೇರಿದಾಗ, ವಯಸ್ಸಾದ ಡಾಕ್ಟರಮ್ಮ ಒಬ್ಬರು ಇಷ್ಟು ಕುಡಿಯಲು ಕಾರಣವೇನು ಎಂದು ಕೇಳಿದರು. ಎಲ್ಲ ಹೇಳಿಬಿಟ್ಟೆ. ಕುಡಿದು ಬಿದ್ದವನು ನಾನು, ತಪ್ಪೂ ನನ್ನದೇ ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

“ಕುಡದದ್ದು ನೀವರಿ. ಆದ್ರ ಆ ಕೆಲಸ ಮಾಡಿದಾಂವ ಅವ. ಎರಡೂ ಒಂದ ಅಲ್ಲ.”

ಕುಡಿತ ಬಿಡಲು ಆಮೇಲೂ ಬಹಳ ಕಾಲ ಹಿಡಿಯಿತು. ಈಗ ಅಣ್ಣನ ಮನೆಯಲ್ಲಿದ್ದೇನೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಕುಡುಕನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಅವರೇ ಸಮಾಧಾನ ಮಾಡಿಕೊಂಡಿದ್ದಾರೆ.