ದೊಡ್ಡಪ್ಪನ ಸೂರ್ಯ

ಒದ್ದೆ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಸಾಕು, ಯಲಹಂಕದ ಪಕ್ಕದ ಕೋಗಿಲಿನ ನಮ್ಮ ದ್ರಾಕ್ಷಿ ತೋಟ ಎದುರಿಗೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಬಳ್ಳಿಗೆ ರೋಗ ಹತ್ತದಿರಲೆಂದು ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ, ಸುಣ್ಣ ಬೆರೆಸಿ, ಎಲೆಗಳಿಗೆ ಹೊಡೆಯುತ್ತಿದ್ದರು. ಅದು ಲೋಹವನ್ನು ತಿಂದುಬಿಡುತ್ತದೆಂದು ಮಣ್ಣಿನ ಕುಡಿಕೆಗಳಲ್ಲೇ ಕರಗಿಸುವುದು. ಸುಣ್ಣ ಸೇರುವ ಮುಂಚೆ ಆ ನೀರಿನ ನೀಲಿ ಎಷ್ಟು ಚೆಂದವಿರುತ್ತಿತ್ತೆಂದರೆ, ದೊಡ್ಡವರಿಗೂ ಕೈ ಅದ್ದಬೇಕೆನಿಸುತ್ತಿತ್ತು. ಇಂದು ಆ ತೋಟವೂ ಇಲ್ಲ, ಅದರ ತಲೆಯ ಕಡೆಗಿದ್ದ ಹೆಂಚಿನ ಮನೆಯೂ ಇಲ್ಲ. ನಿಮ್ಮದೂ ಅಂಥದೊಂದು ಮನೆ ಸೈಟುಗಳ ಕೆಳಗೆ ಹೋಗಿದ್ದರೆ, ಅಲ್ಲಿನ ಸಿಟ್ಟು ಮಾತ್ರ ಯಾಕೆ ಹೋಗುವುದಿಲ್ಲ ಎಂಬುದು ನಿಮಗೂ ಗೊತ್ತಿರುತ್ತದೆ.

ಮನೆಯ ಯಜಮಾನಿಕೆ ದೊಡ್ಡಪ್ಪನದು. ಯಲಹಂಕದ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ಸಂಜೆಯಾದರೆ ಜಗುಲಿಯ ಮೇಲೆ ಕೂತು ಬೀದಿಯ ಮಕ್ಕಳನ್ನೆಲ್ಲ ಕರೆದು ಗ್ರಹಗಳ ವಿಷಯ ಹೇಳುತ್ತಿದ್ದರು. "ಹೆಪ್ಪು ಹಾಕಿದ ಹಾಲನ್ನ ಒಲೆಗೆ ತೀರಾ ಹತ್ರ ಇಟ್ರೆ ಕೆಡುತ್ತೆ, ದೂರ ಇಟ್ರೆ ಚಳಿಗೆ ಮೊಸರಾಗಲ್ಲ. ನಮ್ಮವ್ವ ಜಾಗ ನೋಡಿ ಇಡ್ತಾಳೆ. ಸೂರ್ಯನ ಹತ್ರ ಭೂಮೀನೂ ಹಂಗೇ ಯಾರೋ ನೋಡಿ ಇಟ್ಟಿರೋದು. ಇಲ್ದಿದ್ರೆ ನಾವು ಇರ್ತಿರ್ಲಿಲ್ಲ." ಅವರ ತೊಡೆಯ ಮೇಲೆ ನನ್ನ ಮೂರು ವರ್ಷದ ತಂಗಿ ಪುಟ್ಟಿ ಕೂತಿರುತ್ತಿದ್ದಳು, ಕೈಯಲ್ಲೊಂದು ದ್ರಾಕ್ಷಿ ಗೊಂಚಲು ಹಿಡಿದು. ನನಗೆ ಆಗ ಒಂಬತ್ತು. ಯಾರೋ ನಮಗಾಗಿ ಅಷ್ಟೊಂದು ಯೋಚನೆ ಮಾಡಿದ್ದಾರಲ್ಲ ಎಂದು ಮೈ ಬೆಚ್ಚಗಾಗುತ್ತಿತ್ತು. ಅವರಷ್ಟು ಪ್ರೀತಿ ನನಗೆ ಅಪ್ಪನ ಮೇಲೂ ಇರಲಿಲ್ಲ. ಅಪ್ಪನಿಗೆ ಯಶವಂತಪುರದ ರೈಲ್ವೆಯಲ್ಲಿ ಕೆಲಸ, ಮನೆಗೆ ಬರುತ್ತಿದ್ದುದು ವಾರಕ್ಕೊಮ್ಮೆ.

ಒಂದು ಬೆಳಗ್ಗೆ ದೊಡ್ಡಪ್ಪ ಮೈಲುತುತ್ತದ ಕುಡಿಕೆಯನ್ನು ತೋಟದಿಂದ ತಂದು ಜಗುಲಿಯ ಅಂಚಿನಲ್ಲಿಟ್ಟು, ಶಾಲೆಗೆ ಹೊತ್ತಾಯಿತೆಂದು ಹೊರಟುಹೋದರು. ಇಟ್ಟದ್ದನ್ನು ನಾನು ನೋಡಿದೆ. ಪುಟ್ಟಿ ಕುಡಿದದ್ದನ್ನು ಯಾರೂ ನೋಡಲಿಲ್ಲ. ವಾಂತಿಯ ನೀಲಿ ನೋಡಿ ಅಮ್ಮ ಕಿರುಚಿಕೊಂಡಳು. ಗಾಡಿ ಕಟ್ಟಿ ಬೆಂಗಳೂರಿನ ಆಸ್ಪತ್ರೆಗೆ ಹೊರಟರು. ಹೆಬ್ಬಾಳದ ಕೆರೆ ಏರಿಯ ಮೇಲೆ ಅಮ್ಮನ ಮಡಿಲಲ್ಲೇ ಅವಳ ಉಸಿರು ನಿಂತಿತು. ಆಮೇಲೆ ಅಜ್ಜಿ ಎಲ್ಲರೆದುರಿಗೆ ಅಮ್ಮನಿಗೆ, "ಜಗುಲಿ ಸಾರ್ಸೋವಾಗ ನೀನೇ ಕುಡಿಕೆ ಕೆಳಗಿಟ್ಟಿರ್ತೀಯ. ಎತ್ತ ತಾಯಿ ಇಂಗಾ ಮಗು ನೋಡ್ಕಳದು?" ಎಂದಳು. ದೊಡ್ಡಪ್ಪ ಕಂಬಕ್ಕೆ ಒರಗಿ ನಿಂತಿದ್ದರು. "ದೊಡ್ಡಪ್ಪ ಇಟ್ಟಿದ್ದು" ಎಂದ ನನ್ನ ಕೆನ್ನೆಗೆ ಅಜ್ಜಿಯ ಏಟು ಬಿತ್ತು. ದೊಡ್ಡಪ್ಪ ಕೊನೆಗೆ ಹೇಳಿದ್ದು ಒಂದೇ ಮಾತು: "ಎಲ್ಲಾ ಆ ಮೇಲಿರೋನು ಲೆಕ್ಕ ಹಾಕೇ ಮಾಡಿರ್ತಾನೆ." ಅಪ್ಪ ಒಂದು ವರ್ಷ ಅಮ್ಮನ ಜೊತೆ ಮಾತು ಬಿಟ್ಟ. ಅಮ್ಮ ತಲೆ ತಗ್ಗಿಸಿದವಳು ಮತ್ತೆ ಎತ್ತಲಿಲ್ಲ.

ಅವತ್ತೇ ನಾನು ನಿಶ್ಚಯ ಮಾಡಿದೆ. ಆ ಮನುಷ್ಯನಿಗೆ ಬಹಳ ಪ್ರೀತಿಯದನ್ನೇ ಅವನಿಂದ ಕಿತ್ತುಕೊಳ್ಳಬೇಕು. ಅದು ಅವರ ದೇವರು ಎಂಬುದು ನನಗೆ ಗೊತ್ತಿತ್ತು. ಹಟ ಹಿಡಿದು ಓದಿದೆ, ವಿಜ್ಞಾನವನ್ನೇ ಓದಿದೆ. ನಾನು ಕಾಲೇಜು ಸೇರುವ ಹೊತ್ತಿಗೆ ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದಿತ್ತು, ಪೇಪರು ಓದಿ ಹೇಳುವ ಕೆಲಸ ನನ್ನದಾಯಿತು. ಶುಕ್ರ ಕುಲುಮೆಯಂತೆ ಕಾದಿದೆ ಎಂದು ಬಂದ ಸುದ್ದಿಯನ್ನು ಎರಡೆರಡು ಸಲ ಓದಿದೆ. ಮಂಗಳನ ಫೋಟೋ ಬಂದ ದಿನವಂತೂ ಹಬ್ಬ. ಮರವಿಲ್ಲ, ನೀರಿಲ್ಲ, ಬರೀ ಗುಂಡಿ, ಸಿಡುಬಿನ ಮುಖದ ಹಾಗಿದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. "ಒಂಬತ್ತು ಮನೆ ಕಟ್ಟಿ ಎಂಟನ್ನ ಪಾಳು ಬಿಟ್ಟೋನು ಯಾವ ಸೀಮೆ ಮೇಸ್ತ್ರಿ, ದೊಡ್ಡಪ್ಪ?"

ಅವರು ನಕ್ಕರು. "ಎಂಟು ಪಾಳಾಗಿರೋದ್ರಿಂದ್ಲೇ ಗೊತ್ತಾಗೋದು ಕಣಮ್ಮ, ಇದೊಂದನ್ನ ಎಷ್ಟು ನಿಗಾ ಮಾಡಿ ಇಟ್ಟಿದಾನೆ ಅಂತ."

ಎಂಟು ವರ್ಷ ನಾನು ಕಾದಿದ್ದು ಆ ಮಾತಿಗೇ. "ಸೂರ್ಯನ್ನ ಒಂಬತ್ತು ಕೋಟಿ ಮೈಲಿ ಆಚೆ ಸರಿಯಾಗಿ ಇಟ್ಟೋನಿಗೆ, ಒಂದು ಕುಡಿಕೇನ ಒಂದು ಮೊಳ ಮೇಲಿಡೋಕಾಗ್ಲಿಲ್ವಾ?"

ಅವರ ಮುಖ ಬೆಳ್ಳಗಾಯಿತು. ಪಂಚೆಯ ಅಂಚನ್ನು ಸುಮ್ಮನೆ ತಿರುವುತ್ತ ಕೂತರು. ನನಗೆ ಸಿಹಿ ತಿಂದಷ್ಟು ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರು, "ಕುಡಿಕೆ ಇಟ್ಟೋನು ನಾನು. ಅವನಲ್ಲ" ಎಂದರು.

"ನನಗೆ ಗೊತ್ತು. ಅಮ್ಮಂಗೆ ಹೇಳಿ."

ಅಮ್ಮ ಒಳಗೆ ರಾಗಿ ಕೇರುತ್ತಿದ್ದಳು. ಗೋಡೆ ಹಿಡಿದುಕೊಂಡು ಒಳಗೆ ಹೋದ ದೊಡ್ಡಪ್ಪ, ಬಾಗಿಲಲ್ಲಿ ನಿಂತೇ ಹೇಳಿದರು. ಮೊರ ನಿಲ್ಲಲಿಲ್ಲ. "ಗೊತ್ತಿತ್ತು ಭಾವ. ನೀವು ಯಾವತ್ತಾದ್ರೂ ಹೇಳ್ತೀರಿ ಅಂತಿದ್ದೆ" ಎಂದಳು ಅಮ್ಮ. ಮೊರದ ಹೊಟ್ಟು ಊದಿ, "ಅತ್ತೆ ಬದುಕಿದ್ದಾಗ ಹೇಳ್ಬೇಕಿತ್ತು" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಅನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಆ ಭಾನುವಾರ ಬಂದ ಅಪ್ಪನಿಗೂ ಅವರೇ ಹೇಳಿದರು. ಅಪ್ಪ ಊಟ ಬಿಟ್ಟೆದ್ದು ತೋಟಕ್ಕೆ ಹೋಗಿ ಕತ್ತಲಾಗುವವರೆಗೆ ಬರಲಿಲ್ಲ.

ದೊಡ್ಡಪ್ಪ ಪೂಜೆ ಬಿಡಲಿಲ್ಲ, ಆದರೆ ಗ್ರಹಗಳ ವಿಷಯ ಮತ್ತೆ ಎತ್ತಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಒಂದು ಸಂಜೆ ಪಕ್ಕದ ಮನೆಯ ಹುಡುಗಿ ಬಂದು, "ತಾತ, ಆ ಹೊಳಿತಿರೋದು ಏನು?" ಎಂದು ಪಡುವಣ ದಿಕ್ಕಿಗೆ ಕೈ ತೋರಿಸಿದಳು. ಅವರು ಕಾಣದ ಕಣ್ಣನ್ನು ಅತ್ತ ಎತ್ತಿ, ಕೆಳಗಿಳಿಸಿ, "ನಂಗೆ ಗೊತ್ತಿಲ್ಲಮ್ಮ, ಅಕ್ಕನ್ನ ಕೇಳು" ಎಂದರು.

"ಶುಕ್ರ" ಎಂದೆ. "ಅಲ್ಲಿ ವಿಪರೀತ ಬಿಸಿ. ಯಾರೂ ಇಲ್ಲ."

ನಾನು ಇನ್ನೇನಾದರೂ ಹೇಳುತ್ತೇನೋ ಎಂದು ಅವಳು ಕಾದಳು. ದೊಡ್ಡಪ್ಪನ ಹೆಪ್ಪಿನ ಹಾಲಿನಂಥ ಮಾತು ನನ್ನ ಹತ್ತಿರ ಇರಲಿಲ್ಲ. ಅವಳು ಮನೆಗೆ ಹೋದಳು.